ನಿಸ್ತಂತು ರೇಡಿಯೊ ಮಾಡ್ಯೂಲ್‌ಗಳಿಗೆ ಸ್ಥಿರ ವಿದ್ಯುತ್ ಪೂರೈಕೆ

ವೈಫೈ, ಬ್ಲೂಟೂತ್, ಜಿಎಸ್‌ಎಂ, ಲೋರಾ ಮೊದಲಾದ ವಿಧಾನಗಳಲ್ಲಿ ಸಂದೇಶ ಕಳಿಸುವ, ಪಡೆಯುವ ಸಿದ್ಧ ರೇಡಿಯೊ ಮಾಡ್ಯೂಲ್‌ಗಳಿಗೆ ಬೇಕಾದ ಡಿಸಿ ವೋಲ್ಟೇಜನ್ನು, ಪ್ರಸಾರದ ಕ್ಷಣದಲ್ಲೂ ಮಿತಿಯೊಳಗೇ ನಿಲ್ಲುವಂತೆ ಒದಗಿಸುವ ಸರ್ಕ್ಯೂಟ್ ಮತ್ತು ಅದರ ವಿನ್ಯಾಸ. ಬ್ಯಾಟರಿ ಅಥವಾ ಅಡಾಪ್ಟರ್, ರೆಗ್ಯುಲೇಟರ್, ಕೆಪಾಸಿಟರ್‌ಗಳು, ಇವನ್ನೆಲ್ಲ ಜೋಡಿಸುವ ತಂತಿ ಮತ್ತು ಬೋರ್ಡಿನ ಮೇಲಿನ ತಾಮ್ರದ ಹಾದಿಗಳು ಇದರ ಅಂಗಗಳು. ಕೊನೆಯ ಎರಡನ್ನು ನಕ್ಷೆಯಲ್ಲಿ ಬರೀ ಗೆರೆಯಾಗಿ ಎಳೆಯುವುದರಿಂದ ಅವೂ ಬಿಡಿಭಾಗಗಳೇ ಎಂಬುದು ಮರೆತುಹೋಗುತ್ತದೆ. ಬಹಳಷ್ಟು ತೊಂದರೆಗಳು ಹುಟ್ಟುವುದು ಆ ಗೆರೆಗಳಲ್ಲೇ.

ರೇಡಿಯೊ ಮಾಡ್ಯೂಲ್ ಕೈಕೊಟ್ಟಾಗ ಮೊದಲು ಅನುಮಾನ ಬೀಳುವುದು ಪ್ರೋಗ್ರಾಮಿನ ಮೇಲೆ, ಆಮೇಲೆ ಆಂಟೆನಾದ ಮೇಲೆ, ಆಮೇಲೆ ಮಾಡ್ಯೂಲ್ ಮಾರಿದವರ ಮೇಲೆ. ಮಲ್ಟಿಮೀಟರ್ ಇಟ್ಟು ನೋಡಿದರೆ 3.3 ವೋಲ್ಟ್ ಸರಿಯಾಗಿಯೇ ಇರುತ್ತದೆ. ಹಾಗಾಗಿ ವಿದ್ಯುತ್ ಪೂರೈಕೆಯನ್ನು ಯಾರೂ ಶಂಕಿಸುವುದಿಲ್ಲ. ಮೀಟರ್ ಸುಳ್ಳು ಹೇಳುತ್ತಿರುವುದಿಲ್ಲ. ಅದು ಸೆಕೆಂಡಿಗೆ ಕೆಲವೇ ಬಾರಿ ಸರಾಸರಿ ತೆಗೆದು ಅಂಕಿ ತೋರಿಸುವ ಉಪಕರಣ. ವೋಲ್ಟೇಜ್ ಅರ್ಧ ಮಿಲಿಸೆಕೆಂಡಿನ ಮಟ್ಟಿಗೆ 2.6ಕ್ಕೆ ಬಿದ್ದು ಮತ್ತೆ ಎದ್ದುನಿಂತರೆ ಮೀಟರಿಗೆ ಅದು ತಿಳಿಯುವುದೇ ಇಲ್ಲ, ಆದರೆ ಮಾಡ್ಯೂಲ್ ರೀಸೆಟ್ ಆಗಲು ಅಷ್ಟು ಸಾಕು. ಆದ್ದರಿಂದ ಈ ವಿನ್ಯಾಸದಲ್ಲಿ ಎಷ್ಟು ಮಿಲಿಆಂಪಿಯರ್ ಬೇಕು ಎಂದು ಕೇಳಿ ಸುಮ್ಮನಾಗುವಂತಿಲ್ಲ. ಎಷ್ಟು ಬೇಗ ಬೇಕು, ಎಷ್ಟು ಹೊತ್ತು ಬೇಕು ಎಂದೂ ಕೇಳಬೇಕು.

ಬೇಡಿಕೆಯ ಸ್ವರೂಪ

ರೇಡಿಯೊ ಮಾಡ್ಯೂಲ್ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ, ಇಲ್ಲವೇ ಆಲಿಸುತ್ತಿರುತ್ತದೆ. ಪ್ರಸಾರ ಮಾಡಬೇಕಾದಾಗ ಅದರೊಳಗಿನ ಪವರ್ ಆಂಪ್ಲಿಫೈಯರ್ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಎಚ್ಚೆತ್ತು ಹತ್ತಾರು, ನೂರಾರು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಕೆಲಸ ಮುಗಿದೊಡನೆ ಬಿಟ್ಟುಬಿಡುತ್ತದೆ. ಸರಾಸರಿ ಲೆಕ್ಕ ಹಾಕಿದರೆ ಬೇಡಿಕೆ ತೀರಾ ಸಣ್ಣದಾಗಿ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ.

ನಾರ್ವೆಯ ನಾರ್ಡಿಕ್ ಸೆಮಿಕಂಡಕ್ಟರ್ ಕಂಪನಿಯ ಎನ್‌ಆರ್‌ಎಫ್24ಎಲ್01+ ಚಿಪ್ಪನ್ನು ನೋಡಬಹುದು. ಇದು ನಡೆಯುವುದು 1.9ರಿಂದ 3.6 ವೋಲ್ಟ್‌ಗಳ ನಡುವೆ. 0 ಡಿಬಿಎಂ, ಅಂದರೆ 1 ಮಿಲಿವ್ಯಾಟ್ ಶಕ್ತಿಯ ಪ್ರಸಾರಕ್ಕೆ 11.3 ಮಿಲಿಆಂಪಿಯರ್ ಸಾಕು; ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಆಲಿಸಲು 13.5 ಬೇಕು. ಆಲಿಸುವುದು ಮಾತಾಡುವುದಕ್ಕಿಂತ ದುಬಾರಿ ಎಂಬುದು ಹೊಸಬರಿಗೆ ವಿಚಿತ್ರವೆನಿಸುತ್ತದೆ, ಆದರೆ ಸಣ್ಣ ಶಕ್ತಿಯ ರೇಡಿಯೊಗಳಲ್ಲಿ ಅದು ಸಾಮಾನ್ಯ. ಇದೇ ಚಿಪ್ಪಿಗೆ ಪ್ರತ್ಯೇಕ ಆಂಪ್ಲಿಫೈಯರ್ ಮತ್ತು ಉದ್ದನೆಯ ಆಂಟೆನಾ ಸೇರಿಸಿ ಮಾರುವ ಬೋರ್ಡು ಪ್ರಸಾರದ ವೇಳೆ 100 ಮಿಲಿಆಂಪಿಯರ್ ದಾಟುತ್ತದೆ. ಆರ್ಡುಯಿನೊ ಯುನೊ ಬೋರ್ಡಿನ 3.3 ವೋಲ್ಟ್ ಪಿನ್ನಿಗೆ ಅಧಿಕೃತವಾಗಿ ಹೇಳಿರುವ ಮಿತಿ 50 ಮಿಲಿಆಂಪಿಯರ್. ಇವೆರಡನ್ನು ಜೋಡಿಸಿದವರಿಗೆ ಚಿಪ್ಪಿನ ರಿಜಿಸ್ಟರ್‌ಗಳನ್ನು ಓದುವುದು, ಬರೆಯುವುದು ಎಲ್ಲ ಸಲೀಸಾಗಿ ಆಗುತ್ತದೆ. ಸಂದೇಶ ಮಾತ್ರ ಹೋಗುವುದಿಲ್ಲ. ಆಂಪ್ಲಿಫೈಯರ್ ಇಲ್ಲದ ಚಿಕ್ಕ ಬೋರ್ಡಿನಲ್ಲಾದರೆ ಮಾಡ್ಯೂಲಿನ ವಿಸಿಸಿ ಮತ್ತು ಗ್ರೌಂಡ್ ಪಿನ್ನುಗಳಿಗೇ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದರೆ ಕಾಯಿಲೆ ಬಹುಪಾಲು ವಾಸಿಯಾಗುತ್ತದೆ. ದೊಡ್ಡ ಬೋರ್ಡಿಗೆ ಪ್ರತ್ಯೇಕ ರೆಗ್ಯುಲೇಟರನ್ನೇ ಕೊಡಬೇಕು.

ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ಇಎಸ್‌ಪಿ8266 ಚಿಪ್ಪು 802.11ಬಿ ವಿಧಾನದಲ್ಲಿ 17 ಡಿಬಿಎಂ ಶಕ್ತಿಯಲ್ಲಿ ಪ್ರಸಾರ ಮಾಡುವಾಗ 170 ಮಿಲಿಆಂಪಿಯರ್ ಎಳೆಯುತ್ತದೆ. ಅದರ ನಂತರ ಬಂದ ಇಎಸ್‌ಪಿ32 ಗರಿಷ್ಠ ಶಕ್ತಿಯಲ್ಲಿ ಸುಮಾರು 240. ವೈಫೈ ಶುರುವಾಗುವಾಗ ಕ್ಷಣಿಕವಾಗಿ ಇನ್ನೂ ಹೆಚ್ಚು ಬೇಕಾಗುವುದರಿಂದ ಕನಿಷ್ಠ 500 ಮಿಲಿಆಂಪಿಯರ್ ಕೊಡಬಲ್ಲ ಪೂರೈಕೆ ಇರಲಿ ಎಂದು ತಯಾರಕರೇ ಸಲಹೆ ಕೊಡುತ್ತಾರೆ. ಇಎಸ್‌ಪಿ32ರೊಳಗೆ ವೋಲ್ಟೇಜ್ ಕುಸಿತವನ್ನು ಗಮನಿಸಿ ಚಿಪ್ಪನ್ನು ರೀಸೆಟ್ ಮಾಡುವ ಬ್ರೌನ್‌ಔಟ್ ಡಿಟೆಕ್ಟರ್ ಇದೆ. ಸೀರಿಯಲ್ ಮಾನಿಟರಿನಲ್ಲಿ ಅದರ ಎಚ್ಚರಿಕೆಯ ಸಾಲು ಮತ್ತೆ ಮತ್ತೆ ಕಾಣಿಸಿದಾಗ ಕೆಲವರು ಪ್ರೋಗ್ರಾಮಿನಲ್ಲಿ ಡಿಟೆಕ್ಟರನ್ನೇ ಬಂದ್ ಮಾಡಿಬಿಡುತ್ತಾರೆ. ಸಾಲು ಬರುವುದು ನಿಲ್ಲುತ್ತದೆ ನಿಜ. ಆದರೆ ಕಡಿಮೆ ವೋಲ್ಟೇಜಿನಲ್ಲಿ ಫ್ಲ್ಯಾಶ್ ಮೆಮೊರಿಗೆ ಬರೆದ ಮಾಹಿತಿ ಕೆಡುವ ಅಪಾಯ ಹಾಗೆಯೇ ಉಳಿಯುತ್ತದೆ. ಇದಕ್ಕಿಂತ ಕೆಟ್ಟ ರಿಪೇರಿ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎನ್ನಬಹುದು.

ವೋಲ್ಟೇಜ್ ರೀಸೆಟ್ ಆಗುವಷ್ಟು ಬೀಳದಿದ್ದರೂ ತೊಂದರೆ ತಪ್ಪಿದ್ದಲ್ಲ. ಆಂಪ್ಲಿಫೈಯರಿಗೆ ಸಿಗುವ ವೋಲ್ಟೇಜ್ ತಗ್ಗಿದರೆ ಪ್ರಸಾರದ ಶಕ್ತಿ ತಗ್ಗುತ್ತದೆ, ಸಿಗ್ನಲ್ ವಿಕೃತವಾಗುತ್ತದೆ, ಎದುರಿನ ರಿಸೀವರಿಗೆ ಪ್ಯಾಕೆಟ್ ಅರ್ಥವಾಗುವುದಿಲ್ಲ. ಬಳಸುವವರಿಗೆ ಕಾಣುವುದು ರೇಂಜ್ ಕಡಿಮೆಯಾಗಿದೆ ಎಂದಷ್ಟೇ. ದೋಷ ಆಂಟೆನಾದ ತಲೆಗೆ ಬರುತ್ತದೆ.

ಜಿಎಸ್‌ಎಂ ಮಾಡ್ಯೂಲ್

ಪೂರೈಕೆಯ ವಿನ್ಯಾಸ ಎಷ್ಟು ಸೂಕ್ಷ್ಮವೆಂದು ತಿಳಿಯಲು ಜಿಎಸ್‌ಎಂಗಿಂತ ಒಳ್ಳೆಯ ಉದಾಹರಣೆಯಿಲ್ಲ. 2ಜಿ ವ್ಯವಸ್ಥೆಯಲ್ಲಿ ಒಂದೇ ಆವರ್ತನವನ್ನು ಎಂಟು ಫೋನುಗಳು ಸರದಿಯಂತೆ ಹಂಚಿಕೊಳ್ಳುತ್ತವೆ. 4.615 ಮಿಲಿಸೆಕೆಂಡಿನ ಒಂದು ಫ್ರೇಮಿನಲ್ಲಿ ಎಂಟು ಸ್ಲಾಟುಗಳು. ಒಂದೊಂದರ ಅವಧಿ 577 ಮೈಕ್ರೋಸೆಕೆಂಡ್. ತನ್ನ ಸ್ಲಾಟ್ ಬಂದಾಗ ಮಾಡ್ಯೂಲ್ 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ 2 ವ್ಯಾಟ್‌ವರೆಗೆ, 1800ರಲ್ಲಿ 1 ವ್ಯಾಟ್‌ವರೆಗೆ ಪ್ರಸಾರ ಮಾಡಬಹುದು. ಬಹುಬಳಕೆಯ ಸಿಮ್800ಎಲ್ ಮಾಡ್ಯೂಲ್ ಆ ಹೊತ್ತಿನಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದರ ವೋಲ್ಟೇಜ್ ಮಿತಿ 3.4ರಿಂದ 4.4, ನಡುವಿನ 4.0 ಒಳ್ಳೆಯದು. 5 ವೋಲ್ಟ್ ಕೊಟ್ಟರೆ ಹಾಳಾಗಬಹುದು, 3.3 ಕೊಟ್ಟರೆ ನಡೆಯುವುದಿಲ್ಲ. ಮೈಕ್ರೋಕಂಟ್ರೋಲರ್ ಬೋರ್ಡುಗಳಲ್ಲಿ ಸಿಗುವುದು ಈ ಎರಡೇ ಆದ್ದರಿಂದ ಮೊದಲ ತಲೆನೋವು ಅಲ್ಲಿಂದಲೇ ಆರಂಭ.

ಆಸಿಲೋಸ್ಕೋಪಿನ ಪ್ರೋಬನ್ನು ಮಾಡ್ಯೂಲಿಗೆ ಪೂರೈಕೆ ಬರುವ ವಿಬ್ಯಾಟ್ ಪಿನ್ನಿಗೇ ಹಿಡಿದು ಸಿಮ್ ನೆಟ್‌ವರ್ಕಿಗೆ ಸೇರುವುದನ್ನು ಕಾದರೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲು ನೇರ ಗೆರೆ. ಆಮೇಲೆ ಅಲ್ಲೊಂದು ಇಲ್ಲೊಂದು ಗುಂಡಿ. ಕರೆ ಸೇರಿದ ಮೇಲೆ 4.6 ಮಿಲಿಸೆಕೆಂಡಿಗೊಂದರಂತೆ ಕೆಳಮುಖದ ಹಲ್ಲುಗಳ ಸಾಲು. ಪ್ರತಿ ಹಲ್ಲಿನಲ್ಲಿ ಎರಡು ಭಾಗ: ಶುರುವಿನಲ್ಲೇ ಕಡಿದಂತೆ ನೇರವಾಗಿ ಇಳಿಯುವ ಮೆಟ್ಟಿಲು, ಅನಂತರ ಓರೆಯಾಗಿ ಜಾರುವ ಇಳಿಜಾರು. ಮೆಟ್ಟಿಲು ತಂತಿ, ಕನೆಕ್ಟರ್ ಮತ್ತು ಕೆಪಾಸಿಟರಿನ ಒಳರೋಧದ ಗುರುತು. ಇಳಿಜಾರು ಕೆಪಾಸಿಟರ್ ಬರಿದಾಗುತ್ತಿರುವುದರ ಗುರುತು. ಮೆಟ್ಟಿಲು ದೊಡ್ಡದಿದ್ದರೆ ಇನ್ನಷ್ಟು ಕೆಪಾಸಿಟರ್ ಸುರಿದು ಪ್ರಯೋಜನವಿಲ್ಲ, ತಂತಿ ಬದಲಿಸಬೇಕು. ಇಳಿಜಾರು ಕಡಿದಾಗಿದ್ದರೆ ಕೆಪಾಸಿಟರ್ ಸಾಲದು, ಅಥವಾ ಹಿಂದಿನ ರೆಗ್ಯುಲೇಟರ್ ಬಡಕಲು. ಸೆಕೆಂಡಿಗೆ ಸುಮಾರು 217 ಬಾರಿ ಬರುವ ಇದೇ ಹಲ್ಲುಗಳು ಹಳೆಯ ಮೊಬೈಲನ್ನು ರೇಡಿಯೊ ಪಕ್ಕ ಇಟ್ಟಾಗ ಸ್ಪೀಕರಿನಲ್ಲಿ ಗರಗರ ಸದ್ದಾಗಿ ಕೇಳುತ್ತಿದ್ದವು.

ಲೆಕ್ಕ ಸರಳ: ವೋಲ್ಟೇಜ್ ಕುಸಿತ ಎಂದರೆ ಕರೆಂಟನ್ನು ಅವಧಿಯಿಂದ ಗುಣಿಸಿ ಕೆಪಾಸಿಟೆನ್ಸಿನಿಂದ ಭಾಗಿಸಿದ್ದು. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೇ 2 ಆಂಪಿಯರನ್ನು 577 ಮೈಕ್ರೋಸೆಕೆಂಡ್ ಹೊರಬೇಕಾದರೆ 1.15 ವೋಲ್ಟ್ ಕುಸಿಯುತ್ತದೆ, 4.0ರಿಂದ 2.85ಕ್ಕೆ. ಮಾಡ್ಯೂಲ್ ಬದುಕುವುದಿಲ್ಲ. ರೆಗ್ಯುಲೇಟರ್ 1 ಆಂಪಿಯರ್ ಹಂಚಿಕೊಂಡರೆ ಕುಸಿತ 0.58ಕ್ಕೆ ಇಳಿಯುತ್ತದೆ. ಉಳಿದ 3.42 ವೋಲ್ಟ್ ಕಾಗದದ ಮೇಲೆ ಸಾಕು, ಬೋರ್ಡಿನ ಮೇಲೆ ಸಾಲದು, ಏಕೆಂದರೆ ತಂತಿಯ ಪಾಲನ್ನು ಇನ್ನೂ ಕಳೆದಿಲ್ಲ. ಬ್ರೆಡ್‌ಬೋರ್ಡಿನಲ್ಲಿ ಬಳಸುವ ತೆಳು ಜಂಪರ್ ತಂತಿಗೆ ಮೀಟರಿಗೆ 0.2 ಓಮ್‌ನಷ್ಟು ರೋಧವಿರುತ್ತದೆ. ಹೋಗುವ 20 ಸೆಂಟಿಮೀಟರ್, ಬರುವ 20 ಸೆಂಟಿಮೀಟರ್ ಸೇರಿ 0.08 ಓಮ್, 2 ಆಂಪಿಯರಿಗೆ 0.16 ವೋಲ್ಟ್ ಅಲ್ಲೇ ಖರ್ಚು. ಬ್ರೆಡ್‌ಬೋರ್ಡಿನ ಸಡಿಲ ಹಿಡಿತಗಳದ್ದು ಬೇರೆ ಲೆಕ್ಕ. ಇಷ್ಟೆಲ್ಲ ಆದರೂ ಸರಾಸರಿ ಕರೆಂಟ್ 2 ಆಂಪಿಯರಿನ ಎಂಟನೆಯ ಒಂದು ಭಾಗ, ಅಂದರೆ 0.25 ಆಂಪಿಯರ್ ಮಾತ್ರ. ಅಡಾಪ್ಟರಿನ ಮೇಲೆ 1 ಆಂಪಿಯರ್ ಎಂದು ಬರೆದಿದೆ, ಧಾರಾಳವಾಯಿತು ಎಂದು ನಂಬುವುದು ಈ ಸರಾಸರಿಯನ್ನು ನೋಡಿ.

5 ವೋಲ್ಟಿನ ಸಾಲಿನಲ್ಲಿ ಒಂದು 1ಎನ್4007 ಡಯೋಡ್ ಸೇರಿಸಿ 4.3ಕ್ಕೆ ಇಳಿಸುವ ಕೈಚಳಕ ಬಹಳ ಪ್ರಚಲಿತ. ಡಯೋಡಿನ ಮೇಲೆ ಬೀಳುವ ವೋಲ್ಟೇಜ್ ಕರೆಂಟಿನೊಂದಿಗೆ ಏರಿಳಿಯುತ್ತದೆ ಎಂಬುದೇ ಇದರ ತೊಡಕು. ಮಾಡ್ಯೂಲ್ ಸುಮ್ಮನಿರುವಾಗ ಅದು ಇಳಿಸುವುದು ಕಡಿಮೆ, ಆಗ ಮಾಡ್ಯೂಲಿಗೆ 4.4ಕ್ಕಿಂತ ಹೆಚ್ಚು ಸಿಗಬಹುದು. ಪ್ರಸಾರದ ವೇಳೆ ಸುಮಾರು 1 ವೋಲ್ಟ್ ಇಳಿಸಿ ಇದ್ದಬದ್ದ ಅಂಚನ್ನೂ ತಿನ್ನುತ್ತದೆ. ಅದಕ್ಕಿಂತ 3.7 ವೋಲ್ಟಿನ ಒಂದು ಲಿಥಿಯಂ ಅಯಾನ್ ಸೆಲ್ ಮೇಲು. ಅದರ ಒಳರೋಧ ಓಮಿನ ನೂರರ ಕೆಲವು ಭಾಗ ಮಾತ್ರ, ವೋಲ್ಟೇಜ್ 4.2ರಿಂದ ಇಳಿಯುತ್ತ ಬರುವುದು ಮಾಡ್ಯೂಲಿನ ಮಿತಿಗೆ ಹೇಳಿ ಮಾಡಿಸಿದಂತಿದೆ. ಈ ಮಾಡ್ಯೂಲ್‌ಗಳ ವಂಶಮೂಲ ಮೊಬೈಲ್ ಫೋನ್ ಆದ್ದರಿಂದ ಇದು ಕಾಕತಾಳೀಯವಲ್ಲ.

ಮಾಡ್ಯೂಲ್ ಪ್ರತಿ ಸಲವೂ ಪೂರ್ಣ ಶಕ್ತಿ ಬಳಸುವುದಿಲ್ಲ. ಎಷ್ಟು ಜೋರಾಗಿ ಪ್ರಸಾರ ಮಾಡಬೇಕೆಂದು ಟವರ್ ಆಜ್ಞೆ ಕೊಡುತ್ತದೆ. ಟವರ್ ಹತ್ತಿರವಿದ್ದರೆ ಶಕ್ತಿ ಇಳಿಸಲು ಹೇಳುತ್ತದೆ, ದೂರವಿದ್ದರೆ ಏರಿಸಲು. ಆದರೆ ಮೊದಲ ಬಾರಿ ಸಂಪರ್ಕ ಕೋರುವಾಗ ಆ ಪ್ರದೇಶಕ್ಕೆ ಅನುಮತಿಸಿದ ಗರಿಷ್ಠ ಶಕ್ತಿಯಲ್ಲೇ ಕೋರಬೇಕು. ನೆಟ್‌ವರ್ಕ್ ಹುಡುಕಿ, ಸೇರಲು ಹೋಗಿ, ರೀಸೆಟ್ ಆಗಿ, ಮತ್ತೆ ಹುಡುಕುವ ಮಾಡ್ಯೂಲಿನ ಚಕ್ರಕ್ಕೆ ಕಾರಣ ಇದೇ. ನಗರದ ಮೇಜಿನ ಮೇಲೆ ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಸಾಧನ ಊರಾಚೆಯ ಹೊಲದಲ್ಲಿ ಮೊದಲ ದಿನವೇ ಮುಗ್ಗರಿಸುವುದಕ್ಕೂ ಇದೇ ಕಾರಣ.

ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ದಿನನಿತ್ಯದ ಸಾಕ್ಷಿ ಪಂಪ್‌ಸೆಟ್ಟುಗಳ ಮೊಬೈಲ್ ಸ್ಟಾರ್ಟರ್. ತ್ರೀಫೇಸ್ ವಿದ್ಯುತ್ ಪಾಳಿಯ ಮೇಲೆ, ಎಷ್ಟೋ ಸಲ ರಾತ್ರಿ ಹೊತ್ತು ಬರುವುದರಿಂದ, ಕತ್ತಲಲ್ಲಿ ತೋಟಕ್ಕೆ ನಡೆಯುವ ಬದಲು ಫೋನಿನಿಂದಲೇ ಮೋಟಾರ್ ಹಾಕಲು ರೈತರು ಇದನ್ನು ಬಳಸುತ್ತಾರೆ. ಸಿಮ್ ಇರುವ ಈ ಪೆಟ್ಟಿಗೆಯ ಪೂರೈಕೆಗೆ ಎದುರಾಗುವ ಕಷ್ಟಗಳು ಪುಸ್ತಕದಲ್ಲಿ ಒಂದೇ ಕಡೆ ಸಿಗುವುದು ಅಪರೂಪ. ಟವರ್ ದೂರ, ಹಾಗಾಗಿ ಪೂರ್ಣ ಶಕ್ತಿಯ ಪ್ರಸಾರ. ಲೈನಿನ ತುದಿಯಲ್ಲಿರುವ ಕಾರಣ ವೋಲ್ಟೇಜ್ ಮೊದಲೇ ಕಡಿಮೆ. ನೇರ ಸ್ಟಾರ್ಟರಿನಲ್ಲಿ ಮೋಟಾರ್ ಹೊರಡುವಾಗ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆದು ಲೈನನ್ನು ಇನ್ನಷ್ಟು ಕುಗ್ಗಿಸುತ್ತದೆ, ಮೋಟಾರ್ ಚಾಲೂ ಆಯಿತೆಂಬ ಸಂದೇಶ ಹೊರಡಬೇಕಾದದ್ದೂ ಅದೇ ಗಳಿಗೆಯಲ್ಲಿ. ಇದರ ಮೇಲೆ ಕಾಂಟ್ಯಾಕ್ಟರಿನ ಕಾಯಿಲ್ ಬಿಟ್ಟಾಗ ಹೊಮ್ಮುವ ನೂರಾರು ವೋಲ್ಟಿನ ಚುರುಕು ಅಲೆ. ಒಳ್ಳೆಯ ವಿನ್ಯಾಸದಲ್ಲಿ ಮಾಡ್ಯೂಲ್ ನೇರವಾಗಿ ಲೈನಿನ ಮೇಲೆ ಅವಲಂಬಿಸುವುದಿಲ್ಲ. ಲೈನ್ ಒಂದು ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡುತ್ತದೆ, ಸೆಲ್ ಮಾಡ್ಯೂಲನ್ನು ನಡೆಸುತ್ತದೆ. ಕರೆಂಟ್ ಹೋದ ಸುದ್ದಿಯನ್ನು ಕರೆಂಟ್ ಹೋದ ಮೇಲೂ ಕಳಿಸಲು ಇದರಿಂದಲೇ ಸಾಧ್ಯ. ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ ರೆಸಿಸ್ಟರ್ ಮತ್ತು ಕೆಪಾಸಿಟರ್ ಜೋಡಿಯ ಸ್ನಬ್ಬರ್, ಸಣ್ಣ ಡಿಸಿ ರಿಲೇಗೆ ಹಿಮ್ಮುಖ ಡಯೋಡ್ ಇರಲೇಬೇಕು.

ರೆಗ್ಯುಲೇಟರ್

ಒಂದೇ ಚಿಪ್ಪಿನಲ್ಲಿ ಅಡಕವಾದ ಮೂರು ಕಾಲಿನ ರೆಗ್ಯುಲೇಟರನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದ ಬಾಬ್ ವಿಡ್ಲರ್. 1970ರ ಆಸುಪಾಸಿನಲ್ಲಿ ಅವರು ರೂಪಿಸಿದ ಎಲ್‌ಎಂ109 ಮತ್ತು ಅದೇ ಕಂಪನಿಯಲ್ಲಿ ಬಾಬ್ ಡಾಬ್ಕಿನ್ 1976ರಲ್ಲಿ ತಂದ ಎಲ್‌ಎಂ317 ಇಂದಿನ ಲೀನಿಯರ್ ರೆಗ್ಯುಲೇಟರ್‌ಗಳ ಹಿರಿಯರು. ಲೀನಿಯರ್ ರೆಗ್ಯುಲೇಟರ್ ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ. 5ರಿಂದ 3.3ಕ್ಕೆ ಇಳಿಸಿ 250 ಮಿಲಿಆಂಪಿಯರ್ ಕೊಡುವಾಗ ಕಳೆಯುವುದು 0.43 ವ್ಯಾಟ್, ಪರವಾಗಿಲ್ಲ. 12ರಿಂದ ನೇರ ಇಳಿಸಿದರೆ 2.2 ವ್ಯಾಟ್, ಬೆರಳಿಟ್ಟರೆ ಸುಡುತ್ತದೆ, ತುಸು ಹೊತ್ತಿನಲ್ಲಿ ಚಿಪ್ಪೇ ತನ್ನನ್ನು ಬಂದ್ ಮಾಡಿಕೊಳ್ಳುತ್ತದೆ.

ಅಗ್ಗದ ಬೋರ್ಡುಗಳಲ್ಲೆಲ್ಲ ಕಾಣುವ ಎಎಂಎಸ್1117 ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇದು 3.3 ಕೊಡಬೇಕಾದರೆ ಒಳಬರುವ ವೋಲ್ಟೇಜ್ ಪೂರ್ಣ ಲೋಡಿನಲ್ಲಿ ಕನಿಷ್ಠ 1.1ರಿಂದ 1.3ರಷ್ಟು ಹೆಚ್ಚಿರಬೇಕು. 5 ವೋಲ್ಟಿನಿಂದ ನಡೆಸಿದರೆ ಸರಿ, 3.7 ವೋಲ್ಟಿನ ಸೆಲ್ಲಿನಿಂದ ಇದನ್ನು ನಡೆಸುವುದು ತಪ್ಪೇ ಸರಿ, ಆದರೂ ಅಂಥ ನಕ್ಷೆಗಳು ಎಲ್ಲೆಲ್ಲೂ ಸಿಗುತ್ತವೆ. ಎರಡನೆಯದಾಗಿ, ಏನೂ ಕೆಲಸ ಮಾಡದಿದ್ದರೂ ಇದು ಸುಮಾರು 5 ಮಿಲಿಆಂಪಿಯರ್ ತಾನೇ ತಿನ್ನುತ್ತದೆ. 2500 ಮಿಲಿಆಂಪಿಯರ್ ಗಂಟೆಯ ಸೆಲ್ಲನ್ನು 500 ಗಂಟೆಗಳಲ್ಲಿ, ಅಂದರೆ ಮೂರು ವಾರದೊಳಗೆ, ರೇಡಿಯೊ ಒಂದು ಮಾತೂ ಆಡದೆ ಬರಿದು ಮಾಡಲು ಇಷ್ಟು ಸಾಕು. ಮೂರನೆಯದು ಸ್ಥಿರತೆ. ಇದರ ಹೊರಗೊಡುವ ಕಡೆಯ ಕೆಪಾಸಿಟರಿಗೆ ತುಸು ಒಳರೋಧ ಇರಬೇಕೆಂದೇ 22 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಹಾಕಲು ಹೇಳಿರುತ್ತಾರೆ. ಅದರ ಜಾಗದಲ್ಲಿ ರೋಧವೇ ಇಲ್ಲದಂಥ ಸೆರಾಮಿಕ್ ಒಂದನ್ನೇ ಹಾಕಿದರೆ ರೆಗ್ಯುಲೇಟರ್ ಆಂದೋಲನಕ್ಕೆ ಬೀಳಬಹುದು. ಹೊಸ ತಲೆಮಾರಿನ ಎಲ್‌ಡಿಒಗಳು, ಅಂದರೆ ಕಡಿಮೆ ವೋಲ್ಟೇಜ್ ಅಂತರದಲ್ಲೇ ನಡೆಯಬಲ್ಲ ಲೀನಿಯರ್ ರೆಗ್ಯುಲೇಟರ್‌ಗಳು, ಸೆರಾಮಿಕ್‌ನೊಂದಿಗೆ ಸ್ಥಿರವಾಗಿರುತ್ತವೆ. ಎಪಿ2112 600 ಮಿಲಿಆಂಪಿಯರ್ ಕೊಟ್ಟು ತಾನು ತಿನ್ನುವುದು ಸುಮಾರು 55 ಮೈಕ್ರೋಆಂಪಿಯರ್, ವೈಫೈಗೆ ತಕ್ಕುದು. ಎಂಸಿಪಿ1700 ಇನ್ನೂ ಮಿತವ್ಯಯಿ, 1.6 ಮೈಕ್ರೋಆಂಪಿಯರ್ ಮಾತ್ರ. ಆದರೆ 250 ಮಿಲಿಆಂಪಿಯರಿಗಿಂತ ಹೆಚ್ಚು ಕೊಡಲಾರದು, ಲೋರಾಕ್ಕೆ ಸರಿ, ಇಎಸ್‌ಪಿ32ಗೆ ಅಲ್ಲ.

ಸ್ವಿಚಿಂಗ್ ರೆಗ್ಯುಲೇಟರ್ ಶಾಖದ ಸಮಸ್ಯೆ ನೀಗಿಸುತ್ತದೆ, ಗದ್ದಲದ ಸಮಸ್ಯೆ ತರುತ್ತದೆ. ಅಂಗಡಿಗಳಲ್ಲಿ ನೀಲಿ ಬೋರ್ಡಿನ ರೂಪದಲ್ಲಿ ಸಿಗುವ ಎಲ್‌ಎಂ2596 ಸೆಕೆಂಡಿಗೆ 1,50,000 ಬಾರಿ ಕರೆಂಟನ್ನು ಕಡಿದು ಜೋಡಿಸುತ್ತದೆ. ಆ ಏರಿಳಿತ ರೇಡಿಯೊದ ಆಸಿಲೇಟರಿಗೆ ತಲುಪಿದರೆ ಅದರ ಆವರ್ತನ ಅದೇ ಲಯದಲ್ಲಿ ಅಲುಗಿ, ಮುಖ್ಯ ಸಿಗ್ನಲಿನ ಎರಡೂ ಬದಿ 150 ಕಿಲೋಹರ್ಟ್ಸ್ ದೂರದಲ್ಲಿ ಕಳ್ಳ ಸಿಗ್ನಲುಗಳು ಏಳುತ್ತವೆ. ಜಿಎಸ್‌ಎಂಗೆ ಇದು ಅಷ್ಟು ಬಾಧಿಸುವುದಿಲ್ಲ, ಮಾಡ್ಯೂಲಿನೊಳಗೇ ಸೂಕ್ಷ್ಮ ಭಾಗಗಳಿಗೆ ಬೇರೆ ರೆಗ್ಯುಲೇಟರ್‌ಗಳಿರುತ್ತವೆ. ಆದರೆ −130 ಡಿಬಿಎಂಗೂ ಕೆಳಗಿನ ಸಿಗ್ನಲನ್ನು ಹೆಕ್ಕಬೇಕಾದ ಲೋರಾ ರಿಸೀವರಿಗೆ ನೆಲದ ಗದ್ದಲ ತುಸು ಏರಿದರೂ ಮೈಲಿಗಟ್ಟಲೆ ದೂರ ನಷ್ಟ. ಸ್ವಿಚರಿನ ನಂತರ ಒಂದು ಎಲ್‌ಡಿಒ ಇಟ್ಟು ಶೋಧಿಸುವುದು ರೂಢಿ. ಮೊದಲು 12ರಿಂದ 4ಕ್ಕೆ ಸ್ವಿಚರ್, ಅಲ್ಲಿಂದ 3.3ಕ್ಕೆ ಎಲ್‌ಡಿಒ. ಎಲ್‌ಡಿಒದ ಶೋಧನ ಶಕ್ತಿ ಕಿಲೋಹರ್ಟ್ಸ್ ಮಟ್ಟದಲ್ಲಿ ಚೆನ್ನಾಗಿದ್ದು ಮೆಗಾಹರ್ಟ್ಸ್ ತಲುಪುವ ವೇಳೆಗೆ ಬಹುಪಾಲು ಕರಗಿಹೋಗಿರುತ್ತದೆ. ಮೇಲಿನ ಆವರ್ತನಗಳಿಗೆ ಫೆರೈಟ್ ಬೀಡ್ ಮತ್ತು ಸೆರಾಮಿಕ್ ಕೆಪಾಸಿಟರ್ ಬೇಕು. ಬೀಡ್ ಎಂದರೆ ಎಲ್ಲಕ್ಕೂ ಮದ್ದೆಂಬ ನಂಬಿಕೆ ಮಾತ್ರ ಸಲ್ಲದು. ಕೆಳ ಆವರ್ತನದಲ್ಲಿ ಅದು ಬರೀ ಇಂಡಕ್ಟರ್, ಮುಂದಿನ ಕೆಪಾಸಿಟರಿನೊಡನೆ ಸೇರಿ ಅನುರಣಿಸಬಲ್ಲದು; ದೊಡ್ಡ ಕರೆಂಟಿನಲ್ಲಿ ಅದರ ತಡೆಯೂ ಕುಗ್ಗುತ್ತದೆ.

ಕೆಪಾಸಿಟರ್‌ಗಳು

ಯಾವ ರೆಗ್ಯುಲೇಟರೂ ಬೇಡಿಕೆ ಬಂದ ಕ್ಷಣದಲ್ಲೇ ಸ್ಪಂದಿಸುವುದಿಲ್ಲ. ಒಳಗಿನ ನಿಯಂತ್ರಣ ಎಚ್ಚೆತ್ತುಕೊಳ್ಳಲು ಮೈಕ್ರೋಸೆಕೆಂಡುಗಳು, ಸ್ವಿಚರಿಗೆ ಹತ್ತಾರು ಮೈಕ್ರೋಸೆಕೆಂಡುಗಳು ಹಿಡಿಯುತ್ತವೆ. ಆ ಮಧ್ಯಂತರವನ್ನು ತುಂಬುವುದು ಕೆಪಾಸಿಟರ್. ಬೇರೆಬೇರೆ ಗಾತ್ರದವು ಒಟ್ಟಿಗೇ ಇರುವುದಕ್ಕೆ ಕಾರಣ ಪ್ರತಿಯೊಂದೂ ಬೇರೆ ಅವಧಿಗೆ ಉತ್ತರಿಸುತ್ತದೆ ಎಂಬುದು: ಮಿಲಿಸೆಕೆಂಡಿಗೆ ದೊಡ್ಡ ಎಲೆಕ್ಟ್ರೋಲಿಟಿಕ್, ಮೈಕ್ರೋಸೆಕೆಂಡಿಗೆ 10 ಮೈಕ್ರೋಫ್ಯಾರಡ್ ಸೆರಾಮಿಕ್, ಅದಕ್ಕೂ ಕೆಳಗೆ 100 ನ್ಯಾನೋಫ್ಯಾರಡ್ ಮತ್ತು ಪಿಕೋಫ್ಯಾರಡ್ ಅಳತೆಯವು.

ಜಿಎಸ್‌ಎಂ ಮಾಡ್ಯೂಲ್‌ಗಳ ಕೈಪಿಡಿಯಲ್ಲಿ ವಿಬ್ಯಾಟ್ ಪಿನ್ನಿಗೆ 33 ಮತ್ತು 10 ಪಿಕೋಫ್ಯಾರಡ್ ಸೇರಿಸಿ ಎಂದಿರುತ್ತದೆ. ಪಕ್ಕದಲ್ಲೇ ಅದರ ಲಕ್ಷಾಂತರ ಪಟ್ಟು ದೊಡ್ಡದೊಂದು ಇರುವಾಗ ಈ ಚಿಕ್ಕವು ಏಕೆಂದು ಕೈಬಿಡುವವರೇ ಹೆಚ್ಚು. ಕೆಪಾಸಿಟರಿನ ತುದಿಗಳಿಗೂ ತಾಮ್ರಕ್ಕೂ ಸೇರಿ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇದೆಯೆನ್ನೋಣ. 100 ನ್ಯಾನೋಫ್ಯಾರಡಿನೊಂದಿಗೆ ಅದು ಅನುರಣಿಸುವುದು 16 ಮೆಗಾಹರ್ಟ್ಸ್ ಆಸುಪಾಸಿನಲ್ಲಿ; ಅದಕ್ಕಿಂತ ಮೇಲೆ ಅದು ಕೆಪಾಸಿಟರಾಗಿ ಉಳಿಯುವುದಿಲ್ಲ. 33 ಪಿಕೋಫ್ಯಾರಡ್ ಅನುರಣಿಸುವುದು ಸುಮಾರು 880 ಮೆಗಾಹರ್ಟ್ಸ್‌ನಲ್ಲಿ, 10 ಪಿಕೋಫ್ಯಾರಡ್ 1600ರ ಹತ್ತಿರ. ಒಂದು 900ರ ಪಟ್ಟಿಗೆ, ಇನ್ನೊಂದು 1800ರ ಪಟ್ಟಿಗೆ. ಮಾಡ್ಯೂಲಿನದೇ ಪ್ರಸಾರ ಪೂರೈಕೆಯ ತಂತಿಗೆ ನುಸುಳಿ ಬಂದಾಗ ಗ್ರೌಂಡಿಗೆ ಇಳಿಸುವುದು ಇವುಗಳ ಕೆಲಸ.

ಸೆರಾಮಿಕ್ ಕೆಪಾಸಿಟರ್ ಮೇಲೆ ಬರೆದ ಮೌಲ್ಯವನ್ನು ನಂಬುವಂತಿಲ್ಲ ಎಂಬುದು ಈ ಕ್ಷೇತ್ರದ ಹಳೆಯ ತಕರಾರು. ಎಕ್ಸ್5ಆರ್, ಎಕ್ಸ್7ಆರ್ ಜಾತಿಯವು ಡಿಸಿ ವೋಲ್ಟೇಜ್ ಏರಿದಂತೆ ಕುಗ್ಗುತ್ತವೆ. 6.3 ವೋಲ್ಟಿನ ಪುಟ್ಟ 10 ಮೈಕ್ರೋಫ್ಯಾರಡ್ ಬಿಡಿಭಾಗ 3.3 ವೋಲ್ಟಿನಲ್ಲಿ ಅರ್ಧದಷ್ಟೇ ಉಳಿಯುವುದು ಅಪರೂಪವಲ್ಲ. ವೈ5ವಿ ಜಾತಿಯದು ಇನ್ನೂ ಕೆಟ್ಟದು. ದೊಡ್ಡ ಗಾತ್ರದ, ಹೆಚ್ಚು ವೋಲ್ಟೇಜಿನ ಬಿಡಿಭಾಗ ಆರಿಸುವುದೇ ದಾರಿ. ಟ್ಯಾಂಟಲಮ್ ಈ ವಿಷಯದಲ್ಲಿ ಪ್ರಾಮಾಣಿಕ, ಆದರೆ ಕೆಟ್ಟರೆ ಶಾರ್ಟ್ ಆಗಿ ಕೆಡುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಅದನ್ನು ಅದರ ವೋಲ್ಟೇಜ್ ಮಿತಿಯ ಅರ್ಧದಲ್ಲಿ ಬಳಸುವುದು ವಾಡಿಕೆ. ಮಾಮೂಲಿ ಎಲೆಕ್ಟ್ರೋಲಿಟಿಕ್ ಅಗ್ಗ, ಸಾಕಷ್ಟು ಸಿಗುತ್ತದೆ. ಬಿಸಿಲಿನ ಪೆಟ್ಟಿಗೆಯಲ್ಲಿ ವರ್ಷಗಳು ಕಳೆದಂತೆ ಒಣಗಿ ಅದರ ಒಳರೋಧ ಏರುತ್ತದೆ. ಮೂರು ವರ್ಷ ನಡೆದ ಸಾಧನ ನಾಲ್ಕನೆಯ ಬೇಸಿಗೆಯಲ್ಲಿ ರೀಸೆಟ್ ಆಗತೊಡಗಿದರೆ ಮೊದಲು ಬದಲಿಸಬೇಕಾದ್ದು ಅದನ್ನೇ.

ಬೋರ್ಡಿನ ಮೇಲೆ

ಸಣ್ಣ ಕೆಪಾಸಿಟರ್ ಪಿನ್ನಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ತೆಳು ತಾಮ್ರದ ಹಾದಿಗೆ ಮಿಲಿಮೀಟರಿಗೆ ಹತ್ತಿರಹತ್ತಿರ 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ ಇರುವುದರಿಂದ ಒಂದು ಸೆಂಟಿಮೀಟರ್ ದೂರವಿಟ್ಟ 10 ಪಿಕೋಫ್ಯಾರಡ್ ಇದ್ದೂ ಇಲ್ಲದಂತೆ. ಪೂರೈಕೆಯ ಹಾದಿ ಅಗಲವಾಗಿರಬೇಕೆಂದು ಎಲ್ಲರಿಗೂ ನೆನಪಿರುತ್ತದೆ. ಮರಳುವ ಗ್ರೌಂಡ್ ಹಾದಿಯೂ ಅಷ್ಟೇ ಅಗಲವಿರಬೇಕೆಂಬುದು ನೆನಪಿರುವುದಿಲ್ಲ. ಹೋದ 2 ಆಂಪಿಯರ್ ಮರಳಿ ಬರಲೇಬೇಕು. ಅದು ಮೈಕ್ರೋಕಂಟ್ರೋಲರಿನ ಗ್ರೌಂಡಿನ ಮೂಲಕ ಹಾದುಬಂದರೆ ಕಂಟ್ರೋಲರಿನ ನೆಲವೇ ಕುಪ್ಪಳಿಸಿ, ಸೆನ್ಸರಿನ ಅಳತೆಗಳಲ್ಲಿ ಅರ್ಥವಾಗದ ಅಂಕಿಗಳು ಕಾಣಿಸುತ್ತವೆ. ಒಂದು ಪದರವನ್ನು ಇಡಿಯಾಗಿ ಗ್ರೌಂಡಿಗೆ ಬಿಡುವುದು, ರೇಡಿಯೊದ ಕರೆಂಟ್ ನೇರವಾಗಿ ಮೂಲದ ಕೆಪಾಸಿಟರಿಗೆ ಮರಳುವಂತೆ ಮಾಡುವುದು ಪರಿಹಾರ. ಸ್ವಿಚರಿನ ಇಂಡಕ್ಟರನ್ನು ಆಂಟೆನಾದಿಂದ ಬೋರ್ಡಿನ ಎದುರು ತುದಿಗೆ ಇಡಬೇಕು. ಆಂಟೆನಾದ ಕೆಳಗೆ ತಾಮ್ರ ಇರಕೂಡದು, ಪಕ್ಕದಲ್ಲಿ ಎತ್ತರದ ಲೋಹದ ಕೆಪಾಸಿಟರ್ ನಿಲ್ಲಿಸಕೂಡದು.

ಬ್ಯಾಟರಿ, ನಿದ್ದೆ, ಮುಂಜಾವು

ಕೆಪಾಸಿಟರಿನ ಆಸರೆ ಎಲ್ಲ ರೇಡಿಯೊಗಳಿಗೂ ಒದಗುವುದಿಲ್ಲ. ಭಾರತದಲ್ಲಿ ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಡೆಯುವ ಲೋರಾವನ್ನೇ ನೋಡಿ. ಸೆಮ್‌ಟೆಕ್ ಕಂಪನಿಯ ಎಸ್‌ಎಕ್ಸ್1276 ಚಿಪ್ಪು 20 ಡಿಬಿಎಂ ಪ್ರಸಾರಕ್ಕೆ 120 ಮಿಲಿಆಂಪಿಯರ್ ಎಳೆಯುತ್ತದೆ. ಜಿಎಸ್‌ಎಂ ಮುಂದೆ ಇದು ಏನೂ ಅಲ್ಲ. ಆದರೆ 125 ಕಿಲೋಹರ್ಟ್ಸ್ ಅಗಲದಲ್ಲಿ ಅತಿ ನಿಧಾನದ ಎಸ್‌ಎಫ್12 ವಿಧಾನದಲ್ಲಿ ಒಂದೊಂದು ಸಂಕೇತಕ್ಕೆ 32.8 ಮಿಲಿಸೆಕೆಂಡ್ ಹಿಡಿಯುತ್ತದೆ, 20 ಬೈಟಿನ ಸಂದೇಶಕ್ಕೆ 1.3 ಸೆಕೆಂಡ್. 0.3 ವೋಲ್ಟಿಗಿಂತ ಹೆಚ್ಚು ಕುಸಿಯದಂತೆ ಇದನ್ನು ಕೆಪಾಸಿಟರೊಂದರಿಂದಲೇ ಹೊರಬೇಕಾದರೆ ಅರ್ಧ ಫ್ಯಾರಡ್‌ಗಿಂತ ಹೆಚ್ಚು ಬೇಕು. ಆದ್ದರಿಂದ ಇಲ್ಲಿ ಮೂಲವೇ ಗಟ್ಟಿಯಾಗಿರಬೇಕು.

ಸಿಆರ್2032 ನಾಣ್ಯದ ಸೆಲ್ ಅಂಥ ಮೂಲವಲ್ಲ. ಹೊಸದಾಗಿದ್ದಾಗಲೇ ಅದರ ಒಳರೋಧ ಹತ್ತಿಪ್ಪತ್ತು ಓಮ್, ಹಳತಾದಂತೆ ಹಲವು ಪಟ್ಟು ಏರುತ್ತದೆ. ಬ್ಲೂಟೂತ್ ಬೀಕನ್ನಿನ ಹತ್ತು ಹದಿನೈದು ಮಿಲಿಆಂಪಿಯರಿನ ಚಿಕ್ಕ ಮಿಡಿತಗಳನ್ನು ಒಂದು 100 ಮೈಕ್ರೋಫ್ಯಾರಡಿನ ನೆರವಿನಿಂದ ತೂಗಿಸಬಹುದು. ವೈಫೈಯನ್ನು ಸಾಧ್ಯವೇ ಇಲ್ಲ. ನೀರಿನ ಮೀಟರಿನಂಥ ದೀರ್ಘಾಯುಷ್ಯದ ಸಾಧನಗಳಲ್ಲಿ ಬಳಸುವ 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ಲಿಗೆ ಬೇರೊಂದು ಗುಣವಿದೆ. ಬಹಳ ದಿನ ಸುಮ್ಮನಿದ್ದರೆ ಲಿಥಿಯಂ ಮೇಲೆ ತೆಳು ಪೊರೆ ಕಟ್ಟುತ್ತದೆ. ಈ ಪೊರೆಯೇ ಸೆಲ್ಲನ್ನು ವರ್ಷಗಟ್ಟಲೆ ಕಾಪಾಡುವುದು, ಈ ಪೊರೆಯೇ ಮೊದಲ ಪ್ರಸಾರದಲ್ಲಿ ವೋಲ್ಟೇಜನ್ನು ಏಕಾಏಕಿ ಬೀಳಿಸುವುದು. ಪಕ್ಕದಲ್ಲೊಂದು ದೊಡ್ಡ ಕೆಪಾಸಿಟರ್ ಇಟ್ಟೇ ಅದನ್ನು ಬಳಸುತ್ತಾರೆ.

ಸೌರಫಲಕದಿಂದ ನಡೆಯುವ ಸಾಧನಗಳ ಕಷ್ಟದ ಹೊತ್ತು ರಾತ್ರಿಯಲ್ಲ, ಮುಂಜಾವು. ಬ್ಯಾಟರಿ ಪೂರ್ತಿ ಬರಿದಾಗಿ ಸಾಧನ ಸತ್ತಿದ್ದರೆ, ಬೆಳಗಿನ ಮಂದ ಬೆಳಕಿನಲ್ಲಿ ವೋಲ್ಟೇಜ್ ನಿಮಿಷಗಟ್ಟಲೆ ತೆವಳಿಕೊಂಡು ಏರುತ್ತದೆ. ಚಿಪ್ಪುಗಳ ರೀಸೆಟ್ ವ್ಯವಸ್ಥೆ ಮಿಲಿಸೆಕೆಂಡುಗಳಲ್ಲಿ ಏರುವ ವೋಲ್ಟೇಜಿಗೆಂದು ಮಾಡಿದ್ದು. ಈ ತೆವಳಿಕೆಯಲ್ಲಿ ಅರೆ ಎಚ್ಚರದ ಸ್ಥಿತಿಯಲ್ಲಿ ಸಿಕ್ಕಿಬಿದ್ದರೆ ಬಿಸಿಲೇರಿದ ಮೇಲೂ ಹಾಗೆಯೇ ಉಳಿಯಬಹುದು. ಸಿಕ್ಕಿಬೀಳದಿದ್ದರೂ, ಇದ್ದ ಚೂರು ಶಕ್ತಿಯಿಂದ ಎದ್ದು, ಪ್ರಸಾರಕ್ಕೆ ಯತ್ನಿಸಿ, ಕುಸಿದು, ಮತ್ತೆ ಏಳುವ ಆಟ ನಡೆಯುತ್ತಲೇ ಇರುತ್ತದೆ, ಬ್ಯಾಟರಿ ತುಂಬುವುದೇ ಇಲ್ಲ. ಮ್ಯಾಕ್ಸ್809ನಂಥ ಕಾವಲು ಚಿಪ್ಪು ವೋಲ್ಟೇಜ್ ನಿಗದಿತ ಮಟ್ಟ ದಾಟಿ 140 ಮಿಲಿಸೆಕೆಂಡಾದರೂ ಕಳೆಯುವವರೆಗೆ ಎಲ್ಲವನ್ನೂ ರೀಸೆಟ್‌ನಲ್ಲೇ ಹಿಡಿದಿಡುತ್ತದೆ. ಅದರ ಜೊತೆಗೆ ಏಳುವ ಮಟ್ಟಕ್ಕೂ ಬೀಳುವ ಮಟ್ಟಕ್ಕೂ ಧಾರಾಳ ಅಂತರವಿಡಬೇಕು. ಉದಾಹರಣೆಗೆ, ಸೆಲ್ 3.2ಕ್ಕೆ ಇಳಿದಾಗ ರೇಡಿಯೊ ನಿಲ್ಲಲಿ, 3.6 ದಾಟಿದ ಮೇಲಷ್ಟೇ ಮತ್ತೆ ಬಾಯಿ ತೆರೆಯಲಿ.

ಪರೀಕ್ಷೆ

ಆಸಿಲೋಸ್ಕೋಪನ್ನು ಮಾಡ್ಯೂಲಿನ ಪಿನ್ನಿಗೇ ಹಿಡಿಯಬೇಕು, ರೆಗ್ಯುಲೇಟರಿನ ಬುಡಕ್ಕಲ್ಲ. ಪ್ರೋಬಿನ ಉದ್ದನೆಯ ಗ್ರೌಂಡ್ ತಂತಿ ತಾನೇ ಆಂಟೆನಾ ಆಗಿ ಇಲ್ಲದ ಗದ್ದಲ ತೋರಿಸುವುದರಿಂದ ಪುಟ್ಟ ಸ್ಪ್ರಿಂಗ್ ಗ್ರೌಂಡ್ ಬಳಸಬೇಕು. ಟ್ರಿಗರನ್ನು ಅನುಮತಿಸಿದ ಕನಿಷ್ಠ ವೋಲ್ಟೇಜಿಗಿಂತ ಕೊಂಚ ಮೇಲೆ, ಇಳಿಮುಖ ಅಂಚಿಗೆ, ಒಂದೇ ಹೊಡೆತಕ್ಕೆ ಹೊಂದಿಸಿಟ್ಟು ಕಾಯಬೇಕು. ಪರದೆ ಖಾಲಿ ಉಳಿದರೆ ಪೂರೈಕೆ ಗೆದ್ದಂತೆ. ಪರೀಕ್ಷೆಯ ಸ್ಥಿತಿ ಮಾತ್ರ ಕಠಿಣವಾಗಿರಲಿ: ಬ್ಯಾಟರಿ ಬಹುಪಾಲು ಇಳಿದಿರಬೇಕು, ರೇಡಿಯೊ ಪೂರ್ಣ ಶಕ್ತಿಯಲ್ಲಿರಬೇಕು, ಇರುವ ರಿಲೇಗಳೆಲ್ಲ ಅದೇ ಹೊತ್ತಿಗೆ ಬಡಿಯಬೇಕು. ಜಿಎಸ್‌ಎಂ ಸಾಧನದ ಆಂಟೆನಾ ಬಳಿ ಕೈ ಹಿಡಿದು ಸಿಗ್ನಲ್ ಕೆಡಿಸಿದರೆ ಟವರ್ ಶಕ್ತಿ ಏರಿಸಲು ಹೇಳುತ್ತದೆ; ದುಬಾರಿ ಉಪಕರಣವಿಲ್ಲದವರಿಗೆ ಇದು ಒಳ್ಳೆಯ ಉಪಾಯ.

2ಜಿಯ ಬದಲು 4ಜಿ

ಭಾರತದಲ್ಲಿ ಜಿಯೊ ಜಾಲಕ್ಕೆ 2ಜಿ ಇಲ್ಲ. ಇತರ ಜಾಲಗಳಲ್ಲಿ ಇನ್ನೂ ಇದ್ದರೂ ಹೊಸ ಸಾಧನಗಳು ಕ್ಯಾಟ್-1 ಮಾದರಿಯ 4ಜಿ ಮಾಡ್ಯೂಲ್‌ಗಳತ್ತ ಸರಿಯುತ್ತಿವೆ. ಎಲ್‌ಟಿಇ, ಅಂದರೆ 4ಜಿ, ಸಾಧನದ ಗರಿಷ್ಠ ಪ್ರಸಾರ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಜಿಎಸ್‌ಎಂನ ಹತ್ತನೆಯ ಒಂದು ಪಾಲು. ಎಂಟು ಸ್ಲಾಟುಗಳ ಸರದಿಯೂ ಇಲ್ಲದ ಕಾರಣ ವಿಬ್ಯಾಟ್ ಗೆರೆ ಎಷ್ಟೋ ಸಮಾಧಾನದಿಂದಿರುತ್ತದೆ. ಹಾಗೆಂದು ಹಳೆಯ ದೊಡ್ಡ ಕೆಪಾಸಿಟರನ್ನು ಕಿತ್ತುಹಾಕುವ ಮುನ್ನ ಮಾಡ್ಯೂಲಿನ ಕೈಪಿಡಿ ಓದಬೇಕು. ಇವುಗಳಲ್ಲಿ ಹಲವು 4ಜಿ ಸಿಗದ ಕಡೆ ತಾವಾಗಿಯೇ 2ಜಿಗೆ ಇಳಿಯುತ್ತವೆ, ಆಗ ಅದೇ 577 ಮೈಕ್ರೋಸೆಕೆಂಡುಗಳ 2 ಆಂಪಿಯರ್ ಬೇಡಿಕೆ ಮರಳುತ್ತದೆ. 4ಜಿ ಸಿಗದ ಜಾಗ ಸಾಮಾನ್ಯವಾಗಿ ಟವರ್ ದೂರವಿರುವ ಜಾಗವೂ ಹೌದು.